ಮೂವತ್ತೊಂದು ಮನೆಯ ಬಿಪಿ

ಜೀನತ್ ಸಿಸ್ಟರಿನ ಸ್ಕೂಟರ್ ಮತ್ತಿಜಡ್ಡಿಗೆ ಬಂತೆಂದರೆ ಮೂವತ್ತೊಂದು ಮನೆಯ ಮುಂದೂ ನಿಲ್ಲಬೇಕು. ಒಂದನ್ನೂ ಬಿಡುವ ಹಾಗಿಲ್ಲ. ನಂದೊಳ್ಳಿ ದಾಟಿ ಎರಡು ಮೈಲಿ ಒಳಗೆ, ಮಣ್ಣುರಸ್ತೆಯ ಎರಡೂ ಬದಿಗೆ ಕೂತ ಊರು ಅದು. ತಿಂಗಳ ಎರಡನೇ ಬುಧವಾರ ಬೆಳಿಗ್ಗೆ ಶಾಲೆಯ ಕಡೆಯಿಂದ ಸುರು ಮಾಡಿದರೆ ಒಂದೊಂದು ಮನೆಗೆ ಏಳೇಳು ನಿಮಿಷ. ತೋಳಿಗೆ ಪಟ್ಟಿ ಸುತ್ತು, ಬಲ್ಬು ಒತ್ತು, ನಂಬರು ಹೇಳು, ಕೊಟ್ಟ ನೀರು ಕುಡಿ, ಎದ್ದು ಹೊರಡು. ಸರಕಾರ ತಮ್ಮ ರಕ್ತದೊತ್ತಡದ ಚಿಂತೆಯಲ್ಲೇ ನಿದ್ದೆಗೆಟ್ಟಿದೆ ಎಂದು ಊರಿನವರು ತಿಳಿದಿದ್ದರು. ತಿಳಿಯಲಿ ಬಿಡಿ. ತಮ್ಮನ್ನು ಬಿಟ್ಟು ಜಗತ್ತಿಗೆ ಬೇರೆ ಕೆಲಸವಿದೆ ಎಂದು ಆ ಊರಿನಲ್ಲಿ ಯಾರಿಗೂ ಅನ್ನಿಸಿದ್ದೇ ಇಲ್ಲ.

ಒಂದೇ ಮನೆ ಪಾಲಾಗಿ ಎರಡಾದ ಕಡೆ ಇಬ್ಬರು ಓರಗಿತ್ತಿಯರು ಇದ್ದರು. ಮಾತು ಬಿಟ್ಟು ಹನ್ನೊಂದು ವರ್ಷ. ಒಬ್ಬಳಿಗೆ ನೂರೈವತ್ತು ಬಂತೆಂದು ಗೋಡೆಯಾಚೆಯಿಂದ ಕೇಳಿಸಿಕೊಂಡ ಇನ್ನೊಬ್ಬಳು ತನಗೆ ನೂರಾ ಮೂವತ್ತು ಬಂದದ್ದಕ್ಕೆ ಮುಖ ಊದಿಸಿಕೊಂಡಳು.

"ಸರೀ ನೋಡಿ ಸಿಸ್ಟರ್. ಅವಳಿಗೆ ನೂರೈವತ್ತು ಇದ್ರೆ ನಂಗೆ ಅದಕ್ಕಿಂತ ಕಮ್ಮಿ ಹ್ಯಾಂಗೆ? ಮನೆ ಕೆಲಸ ಎಲ್ಲ ಮಾಡೋದು ನಾನು."

"ಇನ್ನೊಮ್ಮೆ ನೋಡ್ಲೇನ್ರಿ?" ಎಂದು ಜೀನತ್ ಮತ್ತೊಮ್ಮೆ ಪಟ್ಟಿ ಸುತ್ತಿ, "ನೂರಾ ಮೂವತ್ತೆರಡು" ಎಂದಳು. ಆ ಎರಡಕ್ಕೆ ಹೆಂಗಸು ಒಂದು ಸೌತೆಕಾಯಿ ಕೊಟ್ಟಳು.

ನಿಜವೇನೆಂದರೆ ಜೀನತ್‌ಳ ಕೆಲಸ ಬಿಪಿ ನೋಡುವುದು ಅಲ್ಲವೇ ಅಲ್ಲ. ಅವಳು ಮನೋರೋಗ ವಿಭಾಗದ ನರ್ಸು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ತಿರುಗಿ, ಆಸ್ಪತ್ರೆಗೆ ಬರಲಾಗದವರಿಗೆ, ಬರಲು ನಾಚುವವರಿಗೆ ಮನೆಗೇ ಹೋಗಿ ತಿಂಗಳ ಸೂಜಿ ಹಾಕುವವಳು. ಮತ್ತಿಜಡ್ಡಿಯಲ್ಲಿ ಅವಳಿಗೆ ಇದ್ದ ರೋಗಿ ಒಬ್ಬಳೇ. ಹದಿನಾಲ್ಕನೇ ಮನೆಯ ಪ್ರತಿಭಾ. ಮನೋರೋಗದ ನರ್ಸಿನ ಸ್ಕೂಟರ್ ಒಂದೇ ಮನೆಯ ಮುಂದೆ ನಿಂತರೆ ಏನಾಗುತ್ತದೆಂದು ಜೀನತ್‌ಗೆ ಯಾರೂ ಕಲಿಸಬೇಕಿರಲಿಲ್ಲ. ಅದಕ್ಕೇ ಮೂವತ್ತೊಂದೂ ಮನೆಗೆ ನಿಲ್ಲುತ್ತಿದ್ದಳು. ಮೂವತ್ತು ಮನೆಯಲ್ಲಿ ಏಳು ನಿಮಿಷ ಬಿಪಿ. ಹದಿನಾಲ್ಕನೇ ಮನೆಯಲ್ಲಿ ಅದೇ ಏಳು ನಿಮಿಷ, ಆದರೆ ಒಳಕೋಣೆಯಲ್ಲಿ, ಬಾಗಿಲು ಹಾಕಿ, ಸೂಜಿ. ಎಣ್ಣೆಯಂಥ ಔಷಧಿ ಅದು, ನಿಧಾನ ಒತ್ತಬೇಕು. ಹಾಗಾಗಿ ಉಳಿದ ಮನೆಗಳಲ್ಲಿ ನೀರನ್ನೂ ನಿಧಾನ ಕುಡಿಯಲು ಅಭ್ಯಾಸ ಮಾಡಿಕೊಂಡಿದ್ದಳು. ಮೂರು ವರ್ಷದಿಂದ ಹೀಗೆ ನಡೆದಿತ್ತು. ಒಬ್ಬರಿಗೂ ವಾಸನೆ ಹತ್ತಿರಲಿಲ್ಲ.

ಪ್ರತಿಭಾ ಗಂಡನ ಮನೆಯಿಂದ ತಿರುಗಿ ಬಂದವಳು. ಅಲ್ಲಿದ್ದಾಗ ಅವಳಿಗೆ ಪಾತ್ರೆಗಳು ಮಾತಾಡಿದ್ದು ಕೇಳಿಸುತ್ತಿತ್ತು. ಒಂದು ದಿನ ಅಡುಗೆಮನೆಯ ಅಷ್ಟೂ ಪಾತ್ರೆ ಹೊತ್ತೊಯ್ದು ಬಾವಿಗೆ ಹಾಕಿದಳು. ಗಂಡನ ಮನೆಯವರು ಪಾತ್ರೆಗಳನ್ನು ಮೇಲೆತ್ತಿದರು, ಸೊಸೆಯನ್ನು ಟ್ರಂಕಿನ ಸಮೇತ ತವರಿಗೆ ಇಳಿಸಿ ಹೋದರು. ಊರಿನವರಿಗೆ ತಾಯಿ ವೆಂಕಮ್ಮ ಹೇಳಿದ್ದು, ಅತ್ತೆಯ ಜೊತೆ ಹೊಂದಲಿಲ್ಲ ಎಂದು. ಅದನ್ನು ಎಲ್ಲರೂ ನಂಬಿದರು. ತಮ್ಮ ಮನೆಯಲ್ಲೂ ಅದೇ ಇದ್ದುದರಿಂದ ನಂಬಲು ಕಷ್ಟವಾಗಲಿಲ್ಲ. ಸೂಜಿ ಸುರುವಾದ ಮೇಲೆ ಪಾತ್ರೆಗಳು ಬಾಯಿ ಮುಚ್ಚಿದವು. ಎರಡು ವರ್ಷದಿಂದ ಅವಳು ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ನಲವತ್ತಾರು ಮಕ್ಕಳಿಗೆ ಅನ್ನ, ಸಾರು. ಆ ಕೆಲಸದಲ್ಲಿ ಅವಳು ನೆಟ್ಟಗೆ ನಿಂತಿದ್ದಳು. ಸೌಟು ಹಿಡಿದ ಅವಳ ಕೈ ನೋಡಿಯೇ ಜೀನತ್ ಅರ್ಧ ತಪಾಸಣೆ ಮುಗಿಸುತ್ತಿದ್ದಳು.

ಆ ಕೆಲಸದ ಕೀಲಿ ಇದ್ದದ್ದು ವಿಶ್ವೇಶ್ವರನ ಕೈಯಲ್ಲಿ. ಮೂವತ್ತೊಂದನೇ ಮನೆಯ ಯಜಮಾನ, ಶಾಲಾ ಸಮಿತಿಯ ಅಧ್ಯಕ್ಷ, ಕರೆದಲ್ಲಿ ಕರೆಯದಲ್ಲಿ ಎರಡೂ ಕಡೆ ಭಾಷಣ ಮಾಡುವವನು. ಪ್ರತಿಭಾಳಿಗಿಂತ ಮೊದಲು ಇದ್ದ ಅಡುಗೆಯವಳಿಗೆ ಒಮ್ಮೆ ಫಿಟ್ಸು ಬಂದಿತ್ತು. ಒಮ್ಮೆ ಮಾತ್ರ, ಅದೂ ಅವಳ ಮನೆಯಲ್ಲಿ. ವಿಶ್ವೇಶ್ವರ ಎರಡೇ ದಿನದಲ್ಲಿ ಅವಳನ್ನು ಬಿಡಿಸಿ, ಆ ಸಾಧನೆಯನ್ನು ಪೇಪರಿನಲ್ಲಿ ಹಾಕಿಸಲು ಓಡಾಡಿದ್ದ.

ಈ ಮನುಷ್ಯನಿಗೆ ಒಂದು ದುಃಖವಿತ್ತು. ನರ್ಸು ತನ್ನ ಮನೆಗೆ ಕೊನೆಗೆ ಬರುತ್ತಾಳೆ.

"ಅಲ್ಲ ನರ್ಸಬಾಯಿ," ಎಂದ ಆ ಬುಧವಾರ, ತೋಳು ಮುಂದೆ ಮಾಡುತ್ತ, "ಊರಿನ ಅಧ್ಯಕ್ಷ ಆನು. ಎನ್ನ ಮನೆಗೆ ಬಪ್ಪಲೆ ನಿಂಗೆ ಮಧ್ಯಾಹ್ನ ಆಗವಾ? ಮೊದಲು ಇಲ್ಲಿ ಬಂದು, ಆಮೇಲೆ ಉಳಿದವ್ರು." ಆನು ಎಂದರೆ ನಾನು ಎಂದರ್ಥ, ಅದಿಲ್ಲದೆ ಅವನ ಮಾತು ಸುರುವಾಗುತ್ತಿರಲಿಲ್ಲ.

"ರಸ್ತೆ ಆ ಕಡೆಯಿಂದ ಸುರು ಆಗತೈತ್ರಿ ವಿಶ್ವೇಶ್ವರಣ್ಣ. ಸ್ಕೂಟರ್ ಹಾರಂಗಿಲ್ಲ."

"ಮನೆಮನೆಗೆ ನೀರು ಕುಡೀತಾ ಬತ್ತೆ, ಆನು ನೋಡಿದ್ದಿಲ್ಯ? ಮೇಲಿನ ಆಫೀಸಿಗೆ ಬರೀತಿ ಆನು."

"ಬರೀರಿ. ಮುಷ್ಟಿ ಬಿಗಿ ಹಿಡೀಬ್ಯಾಡ್ರಿ, ನಂಬರು ಏರತೈತಿ."

ಪಟ್ಟಿ ಬಿಚ್ಚುವಷ್ಟರಲ್ಲಿ ಅವನ ಮಾತು ನಂದೊಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಮಲಗುವ, ತನ್ನಷ್ಟಕ್ಕೆ ನಗುವ ಒಬ್ಬ ಬಡಪಾಯಿಯ ಕಡೆ ತಿರುಗಿತು. "ಅಂಥವ್ರನ್ನೆಲ್ಲ ಒಂದು ಲಾರಿಗೆ ಹಾಕಿ ಘಟ್ಟ ಇಳಿಸವು. ಎಂಗಳ ಊರಲ್ಲಿ ಅಂಥದ್ದು ಒಂದು ಇದ್ರೂ ಆನು ಇಟ್ಕತ್ನಿಲ್ಲೆ."

ಜೀನತ್ ಅವನ ಮುಖವನ್ನೇ ನೋಡಿದಳು. ಆ ಮಧ್ಯಾಹ್ನ ಶಾಲೆಗೆ ಹೋಗಿ ರುಚಿ ನೋಡುವ ನೆಪದಲ್ಲಿ ಎರಡು ಸೌಟು ಅನ್ನ ಉಂಡು ಬಂದಿದ್ದ, ಪ್ರತಿಭಾ ಬಡಿಸಿದ್ದನ್ನು. ಮೀಸೆಯಲ್ಲಿ ಒಂದು ಅಗುಳು ಇನ್ನೂ ಇತ್ತು. ಹೇಳಲಿಲ್ಲ. ಅಂಥ ಮುಖಕ್ಕೆ ಅದು ಇದ್ದರೇ ಚೆಂದ.

ಅವನು ಬರೆದೇ ಬರೆದ. ನರ್ಸು ಕೆಲಸಗಳ್ಳಿ, ಊರೂರು ನೀರು ಕುಡಿಯುತ್ತ ತಿರುಗುತ್ತಾಳೆ, ಅಧ್ಯಕ್ಷರ ಮನೆಗೆ ಮೊದಲು ಬರತಕ್ಕದ್ದು. ಕಾಗದ ಮೇಲಿನ ಆಫೀಸಿಗೆ ಹೋಯಿತು. ಅಲ್ಲಿ ಹೊಸದಾಗಿ ಬಂದಿದ್ದ ಸುಹಾಸ ಎಂಬ ಅಧಿಕಾರಿಗೆ ಮಾಡಲು ಕೆಲಸವಿರಲಿಲ್ಲ. ಹಾಗಾಗಿ ತಕ್ಷಣ ಕ್ರಮ ಕೈಗೊಂಡ.

"ಒಬ್ಬ ರೋಗಿಗೆ ಒಂದು ಇಡೀ ದಿನವೇ ಸಿಸ್ಟರ್?" ಎಂದ, ಯಲ್ಲಾಪುರದ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಅವಳ ಪುಸ್ತಕ ತಿರುವುತ್ತ. ಪುಸ್ತಕದಲ್ಲಿ ಜೀನತ್ ಹೆಸರು ಬರೆಯುತ್ತಿರಲಿಲ್ಲ, ಬರೀ ನಂಬರು. ಮತ್ತಿಜಡ್ಡಿ, ಇನ್ನೂರ ಹದಿನಾಲ್ಕು.

"ಸ್ಕೂಟರ್ ಯಾವ ಮನಿ ಮುಂದ ನಿಂತತು ಅಂತ ನೋಡ್ಕೊಂಡೇ ಕುಂತಿರ್ತಾರ್ರಿ ಸರ್ ಅಲ್ಲಿ. ಒಂದ ಮನಿಗೆ ಹೋದ್ರ ಆ ಮನಿ ಸತ್ತಂಗ."

"ನೋಡಲಿ! ಮುಚ್ಚಿಟ್ಟರೆ ಕಳಂಕ ಹೋಗುತ್ತದೆಯೇ? ನಾವು ಕಳಂಕದ ವಿರುದ್ಧ ಹೋರಾಡಬೇಕು."

"ಹೋರಾಡೂಣ್ರಿ. ನಿಮ್ಮ ಮನಿಯಿಂದನ ಸುರು ಮಾಡೂಣು. ನಿಮ್ಮ ಪೈಕಿ ಯಾರು ಗುಳಗಿ ತಗೋತಾರ, ಹೆಸರು ಹೇಳ್ರಿ, ಬೋರ್ಡ್ ಬರಸೂಣು."

ಸುಹಾಸ ಮೊಬೈಲಿನಲ್ಲಿ ಏನೋ ಹುಡುಕತೊಡಗಿದ. ಹುಡುಕಿ ಮುಗಿದ ಮೇಲೆ ಆದೇಶ ಹೊರಟಿತು: ಇನ್ನು ಮುಂದೆ ನೇರ ರೋಗಿಯ ಮನೆಗೆ ಮಾತ್ರ ಹೋಗಬೇಕು. ಬಾಗಿಲಲ್ಲಿ ನಿಂತು ಜಾಗ, ತಾರೀಕು ಕಾಣುವಂತೆ ಫೋಟೊ ತೆಗೆಯಬೇಕು. ಮೊದಲ ಸಲ ತಾನೇ ಜೀಪಿನಲ್ಲಿ ಬಂದು ತೋರಿಸಿಕೊಡುವೆ. ಫೋಟೊ ಆಗುವ ತನಕ ಮತ್ತಿಜಡ್ಡಿಯ ಔಷಧಿ ಕಪಾಟಿನಿಂದ ಹೊರಗೆ ಬರಕೂಡದು.

ಮುಂದಿನ ತಿಂಗಳ ಎರಡನೇ ಬುಧವಾರ ಬಂದು ಹೋಯಿತು. ಸುಹಾಸನಿಗೆ ಮೀಟಿಂಗು. ಅದರ ಮೇಲೆ ಒಂಬತ್ತು ದಿನ ಕಳೆಯಿತು. ಒಂಬತ್ತನೇ ದಿನ ವೆಂಕಮ್ಮನ ಫೋನು ಬಂತು.

"ಜೀನತ್ತಕ್ಕಾ, ಇವತ್ತು ಅಕ್ಕಿ ಐದು ಸಲ ತೊಳೆದ್ಲು."

ಮೂರು ಸಲ ತೊಳೆದರೆ ಪ್ರತಿಭಾ ಸರಿಯಾಗಿದ್ದಾಳೆ. ಐದಾದರೆ ಏನೋ ಹೊಕ್ಕುತ್ತಿದೆ. ಏಳಾದ ದಿನ ಪಾತ್ರೆಗಳು ಮಾತು ಸುರು ಮಾಡುತ್ತವೆ. ನಲವತ್ತಾರು ಮಕ್ಕಳೆದುರಿಗೆ ಶಾಲೆಯ ಬಾವಿಗೆ ಶಾಲೆಯ ಪಾತ್ರೆ ಹೋಗುತ್ತದೆ. ಆಮೇಲೆ ಅವಳನ್ನು ಯಾರೂ ಒಲೆಯ ಹತ್ತಿರ ಬಿಡುವುದಿಲ್ಲ, ಸಾಯುವ ತನಕ.

"ಕೇಳ್ತಾ ಇದ್ದಿಯನೇ?" ಎಂದಳು ವೆಂಕಮ್ಮ.

"ಕೇಳಾಕತ್ತೇನಿ ವೆಂಕಮ್ಮಾ. ನಾಳಿ ಬರ್ತೀನಿ. ಹೆಂಗಾರ ಬರ್ತೀನಿ."

ಅದೇ ಸಂಜೆ ಸುಹಾಸನಿಗೆ ಫೋನು ಮಾಡಿ, ನಾಳೆ ಬರದಿದ್ದರೆ ಇನ್ನೂರ ಹದಿನಾಲ್ಕಕ್ಕೆ ಏನಾದರೂ ಆದರೆ ನಿಮ್ಮ ಹೆಸರು ಬರೆಯುತ್ತೇನೆ ಎಂದಳು. ಬರೆಯುವುದು ಎಂಬ ಮಾತಿಗೆ ಆಫೀಸಿನವರು ಹೆದರುವಷ್ಟು ಹುಲಿಗೂ ಹೆದರುವುದಿಲ್ಲ. ಮರುದಿನ ಬೆಳಿಗ್ಗೆ ಎಂಟಕ್ಕೆ ಸುಹಾಸನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಜೀಪು ಬಂತು, ಜೀನತ್ ಹತ್ತಿದಳು.

ಜೀಪಿನ ಎರಡೂ ಬದಿಗೆ ಮೊಳದುದ್ದದ ಅಕ್ಷರ: ಮಾನಸಿಕ ಅಸ್ವಸ್ಥರ ಆರೈಕೆ ವಾಹನ. ಕೆಳಗೆ ಒಂದು ಬೋಳು ತಲೆಯ ಚಿತ್ರ, ತಲೆಯೊಳಗೆ ಹಲ್ಲಿನ ಚಕ್ರಗಳು. ಬರೆಸಿದವರ ತಲೆಯೊಳಗೆ ಏನಿತ್ತೋ. ಸಿದ್ದಾಪುರದಲ್ಲಿ ಒಮ್ಮೆ ಇದೇ ಜೀಪು ಒಬ್ಬನ ಅಂಗಡಿ ಮುಂದೆ ನಿಂತಿತೆಂದು ಆ ಪುಣ್ಯಾತ್ಮ ಅರಿಶಿನದ ನೀರು ಚಿಮುಕಿಸಿದ್ದ. ಡ್ರೈವರ್ ಬಸಪ್ಪ ಮದುವೆಗೆ ಹೆಣ್ಣು ನೋಡುತ್ತಿದ್ದವನು, ಜೀಪನ್ನು ತನ್ನ ಊರಿನ ಕಡೆ ತಿರುಗಿಸುತ್ತಲೇ ಇರಲಿಲ್ಲ.

ಊರು ಸಿಕ್ಕಿತು. ಶಾಲೆ ದಾಟಿತು. ಜೀನತ್‌ಳ ಚೀಲದಲ್ಲಿ ಔಷಧಿ ಇತ್ತು, ತಲೆಯಲ್ಲಿ ಒಂದೇ ಯೋಚನೆ ಇತ್ತು: ಈ ಜೀಪು ಹದಿನಾಲ್ಕನೇ ಮನೆಯಿಂದ ಎಷ್ಟು ದೂರ ನಿಲ್ಲುತ್ತದೋ ಅಷ್ಟು ಒಳ್ಳೆಯದು.

"ಸೀದಾ ಹೋಗು ಬಸಪ್ಪಾ, ಕಡೀ ಮನಿಗೆ. ಸರ್, ದೂರು ಕೊಟ್ಟವರ ಮನಿಗೆ ಮೊದ್ಲ ಹೋಗೂಣ್ರಿ. ಮೊದ್ಲ ಅಲ್ಲೇ ಬರಬೇಕು ಅಂತ ಬರದಾರಲ್ಲ."

ಸುಹಾಸ ಫೋನಿನಲ್ಲಿದ್ದ. ಕೇಳಿಸಿಕೊಳ್ಳಲಿಲ್ಲ. ಹ್ಞೂಂ ಎಂದ.

ವಿಶ್ವೇಶ್ವರ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ. ಸರಕಾರಿ ಜೀಪು ಎಲ್ಲ ಮನೆ ಬಿಟ್ಟು ತನ್ನ ಮನೆಗೇ ಬಂದದ್ದು ನೋಡಿ ಅವನ ಎದೆ ಉಬ್ಬಿತು. ಒಳಗೆ ಓಡಿ ಅಂಗಿ ಹಾಕಿಕೊಂಡು, ಸಮಿತಿಯ ಸಭೆಗೆ ಹಾಕುವ ಶಾಲನ್ನೂ ಹೊದ್ದು ಹೊರಗೆ ಬಂದ. ಅಷ್ಟರಲ್ಲಿ ಬಸಪ್ಪ ಜೀಪು ತಿರುಗಿಸಿದ್ದ. ಅಕ್ಷರಗಳು ಅಂಗಳಕ್ಕೆ ಮುಖ ಮಾಡಿದವು.

ಓದಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಓದಿದ ಮೇಲೆ ಕೂಗು ಹೊರಟಿತು.

"ಎಂತದಿದು! ಇದನ್ನ ಎನ್ನ ಮನೆ ಮುಂದೆ ತಂದು ನಿಲ್ಲಿಸಿದ್ದು ಯಾರು? ತೆಗೀರಿ! ಮೊದಲು ತೆಗೀರಿ ಇಲ್ಲಿಂದ!"

ಸುಹಾಸ ಫೋನು ಜೇಬಿಗಿಟ್ಟು ಇಳಿದ. ಕಣ್ಣೆದುರಿಗೆ ಒಬ್ಬ ಮನುಷ್ಯ: ಬೆಳಿಗ್ಗೆ ಎಂಟೂವರೆಗೆ ಶಾಲು ಹೊದ್ದಿದ್ದಾನೆ, ಗಲ್ಲದ ಮೇಲೆ ಪೇಸ್ಟು, ಜೀಪಿಗೆ ಬೈಯುತ್ತಿದ್ದಾನೆ. ಸುಹಾಸನಿಗೆ ತರಬೇತಿಯಲ್ಲಿ ಕಲಿತದ್ದೆಲ್ಲ ಒಟ್ಟಿಗೆ ನೆನಪಿಗೆ ಬಂತು.

"ಶಾಂತವಾಗಿ ಸರ್," ಎಂದ, ಮಗುವಿಗೆ ತಟ್ಟುವ ದನಿಯಲ್ಲಿ. "ನಾವು ನಿಮ್ಮವರೇ. ಕೂತ್ಕೊಳ್ಳಿ."

"ಸರ್, ಇವರಲ್ರಿ," ಎಂದಳು ಜೀನತ್. ಹೇಳಿದ್ದು ನಿಜ. ಒಂದೇ ಸಲ, ಚೀಲದ ಜಿಪ್ಪು ಎಳೆಯುತ್ತ, ಚೀಲಕ್ಕೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ.

"ಆನು ಎಂತಕ್ಕೆ ಕೂತ್ಕಳವು? ಎಂಗೆ ಎಂತ ಹುಚ್ಚನಾ?"

"ಹಾಗೆ ಹೇಳಬಾರದು ಸರ್. ಹುಚ್ಚು ಅಂತ ಏನೂ ಇಲ್ಲ, ಅದೊಂದು ಕಾಯಿಲೆ ಅಷ್ಟೆ. ನಿಮಗೆ ಯಾರದ್ದಾದರೂ ಧ್ವನಿ ಕೇಳಿಸುತ್ತದೆಯೇ?"

"ನಿನ್ನ ಧ್ವನಿ ಕೇಳಸ್ತಾ ಇದ್ದು! ಸಾಕು ಮಾಡು! ಆನು ಅಧ್ಯಕ್ಷ! ಈ ಊರಿನ ಅಧ್ಯಕ್ಷ!"

"ಹೌದು ಸರ್, ಹೌದು. ನೀವೇ ಅಧ್ಯಕ್ಷರು," ಎಂದು ಸುಹಾಸ ಮೆಲ್ಲಗೆ ಅವನ ಭುಜ ಸವರಿದ.

ಬೇಲಿಯ ಹತ್ತಿರ ಊರು ಸೇರಿತ್ತು. ಮಾತು ಬಿಟ್ಟ ಓರಗಿತ್ತಿಯರು ಪಕ್ಕಪಕ್ಕ ನಿಂತಿದ್ದರು. ಹನ್ನೊಂದು ವರ್ಷದ ಮೇಲೆ ಒಬ್ಬಳು ಇನ್ನೊಬ್ಬಳಿಗೆ, "ನಂಗೆ ಮುಂಚಿಂದೂ ಅನುಮಾನ ಇತ್ತೇ" ಎಂದಳು. ನಿನ್ನೆಯ ತನಕ ವಿಶ್ವೇಶ್ವರನ ಮಾತಿಗೆ ತಲೆಯಾಡಿಸಿದವರೆಲ್ಲ ಈಗ ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಆ ಊರಿಗೆ ಒಬ್ಬ ಮನುಷ್ಯನನ್ನು ಬಿಟ್ಟುಕೊಡಲು ಅಷ್ಟೇ ಹೊತ್ತು ಸಾಕು.

ಸುಹಾಸ ಮೊಬೈಲು ಎತ್ತಿ ಫೋಟೊ ಹೊಡೆದ. ಜಾಗ, ತಾರೀಕು ಎರಡೂ ಬಂದವು. ಕೆಳಗೆ ಬೆರಳಲ್ಲಿ ಒತ್ತಿ ಬರೆದ: 214, ಉದ್ರೇಕ ಇದೆ, ರೋಗದ ಅರಿವಿಲ್ಲ. "ಸಿಸ್ಟರ್, ಇಂಜೆಕ್ಷನ್" ಎಂದು ತಿರುಗಿದ. ಆ ಶಬ್ದ ಕೇಳಿದ್ದೇ ವಿಶ್ವೇಶ್ವರ ಶಾಲು ಬಿಟ್ಟು ಒಳಗೆ ಓಡಿ ಅಗಳಿ ಹಾಕಿಕೊಂಡ.

"ಈಗ ಬ್ಯಾಡ್ರಿ ಸರ್," ಎಂದಳು ಜೀನತ್. "ನೀವು ಹೋಗಿರ್ರಿ. ಇನ್ನೂರ ಹದಿನಾಲ್ಕಕ್ಕ ಸೂಜಿ ಹಾಕಿ ನಾನು ಬಸ್ಸಿಗೆ ಬರ್ತೀನಿ."

ಜೀಪು ಹೋಯಿತು. ಊರು ಉಳಿಯಿತು. ಜೀನತ್ ಚೀಲ ಹೆಗಲಿಗೇರಿಸಿ ಮೂವತ್ತನೇ ಮನೆಯ ಕಡೆ ನಡೆದಳು. ಬಾಗಿಲು ಮುಚ್ಚಿತು. ಇಪ್ಪತ್ತೊಂಬತ್ತು, ಅದೂ ಮುಚ್ಚಿತು. ಆಗ ಅವಳಿಗೆ ಹೊಳೆಯಿತು. ಅವಳು ಯಾವ ವಿಭಾಗದ ನರ್ಸು ಎಂದು ಈಗ ಊರಿಗೆಲ್ಲ ಗೊತ್ತು. ಮೂರು ವರ್ಷ ತೋಳು ಚಾಚಿದವರು ಕಿಟಕಿಯಿಂದ ನೋಡುತ್ತಿದ್ದರು, ಯಾರ ಬಾಗಿಲು ತೆರೆಯುತ್ತದೆ ಎಂದು. ತೆರೆದ ಮನೆಯೇ ಹುಚ್ಚಿನ ಮನೆ. ಹದಿನಾಲ್ಕನೇ ಮನೆಯಲ್ಲಿ ವೆಂಕಮ್ಮ ಹತ್ತು ದಿನದಿಂದ ಕಾಯುತ್ತಿದ್ದಾಳೆ. ಕಂಡ ಕೂಡಲೇ ಆ ಮುದುಕಿ ಬಾಗಿಲು ತೆರೆಯುತ್ತಾಳೆ.

ಹದಿನೈದನೇ ಮನೆ ದಾಟುತ್ತಲೇ ವೆಂಕಮ್ಮ ತೆರೆದೇಬಿಟ್ಟಳು. "ಬಂದ್ಯ—" ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳನ್ನು ಪಕ್ಕಕ್ಕೆ ತಳ್ಳಿ ಪ್ರತಿಭಾ ಹೊಸಿಲು ದಾಟಿ ಬಂದಳು. ಸೊಂಟಕ್ಕೆ ಸೆರಗು ಸಿಕ್ಕಿಸಿ ಅಂಗಳದ ನಡುವೆ ನಿಂತಳು. ಕಣ್ಣ ಕೆಳಗೆ ಕಪ್ಪಾಗಿತ್ತು. ರಾತ್ರಿ ನಿದ್ದೆ ಇರಲಿಲ್ಲವೆಂದು ಜೀನತ್‌ಗೆ ಅಷ್ಟು ದೂರದಿಂದಲೇ ಗೊತ್ತಾಯಿತು.

"ಇಲ್ಲಿ ಎಂತಕ್ಕೆ ಬಂದಿದ್ದು? ನಮ್ಮನೇಲಿ ಯಾರಿಗೂ ತಲೆ ಕೆಟ್ಟಿದ್ದಿಲ್ಲೆ! ಬಿಪಿ ಬಿಪಿ ಅಂತ ಮೂರು ವರ್ಷ ಸುಳ್ಳು ಹೇಳಿ ನೀರು ಕುಡಿದ್ಯಲ, ನಾಚಿಕೆ ಆಗ್ತಿಲ್ಯ? ಹೋಗು! ನಂಗೆ ಶಾಲೆಗೆ ಹೊತ್ತಾತು, ಅಡಿಗೆ ಮಾಡವು!"

ಇಡೀ ಕೇರಿಗೆ ಕೇಳಿಸಿತು. ಯಾರೋ ಕಿಟಕಿಯಿಂದ, "ಸರಿಯಾಗಿ ಹೇಳಿದೆ ಪ್ರತಿಭಾ!" ಎಂದರು. ಜೀನತ್ ತಲೆ ತಗ್ಗಿಸಿ ನಡೆದಳು, ನಗು ಕಾಣಿಸಬಾರದಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ಇಂಥ ಬೈಗುಳ ಅವಳಿಗೆ ಸಿಕ್ಕಿರಲಿಲ್ಲ. ಜಾಗ ತಿಳಿದು, ಹೊತ್ತು ತಿಳಿದು, ಕೇಳುವವರು ಯಾರೆಂದು ತಿಳಿದು ಬೈದಿದ್ದಳು. ಸುಹಾಸನ ಅಷ್ಟೂ ಫಾರಮ್ಮುಗಳಲ್ಲಿ ಇದನ್ನು ಬರೆಯಲು ಒಂದು ಖಾನೆ ಇರಲಿಲ್ಲ. ಮತ್ತೆ ಕೊನೆಗೆ ಎಲ್ಲಿಗೆ ಬಾ ಎಂದೂ ಹೇಳಿದ್ದಳು.

ಶಾಲೆಯ ಅಡುಗೆಕೋಣೆಯ ಹಿಂದಿನ ಕಟ್ಟೆಯಲ್ಲಿ ಜೀನತ್ ಹನ್ನೆರಡರ ತನಕ ಕೂತಳು. ಒಳಗೆ ಅಕ್ಕಿ ತೊಳೆಯುವ ಸದ್ದು. ಎಣಿಸಿದಳು. ಆರು. ಅನ್ನ ಬೆಂದು ಇಳಿದ ಮೇಲೆ ಇನ್ನೇನು ಎದ್ದು ಒಳಗೆ ಹೋಗಬೇಕು, ವಿಶ್ವೇಶ್ವರ ಬಂದ. ರುಚಿ ನೋಡುವ ಹೊತ್ತು. ಬೆಳಗಿನ ಶಾಲು ಇರಲಿಲ್ಲ. ದಾರಿಯಲ್ಲಿ ಯಾರೂ ಅವನಿಗೆ ನಮಸ್ಕಾರ ಹೇಳಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು.

"ಇಲ್ಲೂ ಬಂದ್ಯ? ಎನ್ನ ಮರ್ಯಾದೆ ಕಳೆದ್ದು ಸಾಕಾಜಿಲ್ಯ? ಊರೆಲ್ಲ ಹೇಳ್ತಾ ಇದ್ದು, ಎಂಗೆ ತಲೆ ಕೆಟ್ಟಿದ್ದು ಹೇಳಿ. ಸಮಿತಿಯಿಂದ ತೆಗೆಯವು ಹೇಳಿ!"

"ಬೆಳಿಗ್ಗೆ ಆದದ್ದು ತಪ್ಪಾತ್ರಿ. ಆಫೀಸಿನ್ಯಾಗ ತಿದ್ದಸ್ತೀನಿ."

"ಆಫೀಸು ಯಾರಿಗೆ ಬೇಕು! ಊರಿಗೆ ಹೇಳು. ಆನು ಸರಿ ಇದ್ದಿ ಹೇಳಿ ಬರೆದು ಕೊಡು."

"ತಲಿ ಸರಿ ಐತಿ ಅಂತ ಬರಿಯೂ ಅಧಿಕಾರ ನರ್ಸಿಗಿಲ್ರಿ. ಅದನ್ನ ಯಾರಿಗೂ ಬರದು ಕೊಡಾಕೂ ಆಗಂಗಿಲ್ಲ." ಚೀಲದಿಂದ ಪಟ್ಟಿ ತೆಗೆಯುತ್ತ ಹೇಳಿದಳು: "ಬಿಪಿ ನೋಡಬಹುದು. ಇಲ್ಲೇ, ಎಲ್ಲಾರ ಮುಂದ. ನಾನು ಬರೂದು ಶಾಲಿಗೆ, ಅಧ್ಯಕ್ಷರು ಕರಿಸ್ಯಾರ ಅಂತ ಊರಿಗೆ ಗೊತ್ತಾಗತೈತಿ. ಹೆಂಗೂ ಅಡಗಿಯವರ ಆರೋಗ್ಯ ತಪಾಸಣೆ ಆರು ತಿಂಗಳಿಂದ ಆಗಿಲ್ಲ. ತಿಂಗಳಿಗೊಮ್ಮೆ ಮಾಡಬೇಕು ಅಂತ ನೀವ ಒಂದು ಸಹಿ ಹಾಕ್ರಿ. ಅಧ್ಯಕ್ಷರ ಆದೇಶ."

ಆದೇಶ ಎಂಬ ಶಬ್ದಕ್ಕೆ ಅವನ ಬೆನ್ನು ನೆಟ್ಟಗಾಯಿತು. ಅವಳು ಬರೆದು ಚಾಚಿದ ಕಾಗದ ಓದಲೂ ಇಲ್ಲ, ಸಹಿ ಹಾಕಿದ. ಆಮೇಲೆ ಶಾಲೆಯ ಅಂಗಳದಲ್ಲಿ ಕುರ್ಚಿ ಹಾಕಿಸಿ ತೋಳು ಚಾಚಿದ. "ವಿಶ್ವೇಶ್ವರಣ್ಣಗ ಬಿಪಿ ಒಂದ ಐತ್ರಿ, ಬ್ಯಾರೆ ಏನೂ ಇಲ್ಲ" ಎಂದು ಜೀನತ್ ರಸ್ತೆಗೆ ಕೇಳುವಂತೆ ಹೇಳಿದಳು. ಅವನು ತಟ್ಟೆ ತರಿಸಿ ಉಣ್ಣಲು ಕೂತ. "ಅನ್ನ ಚೊಲೋ ಬೆಂದಿದ್ದು" ಎಂದ. ಆರು ಸಲ ತೊಳೆದ ಅಕ್ಕಿ. ಅವನು ಎರಡನೇ ಸೌಟು ಕೇಳುತ್ತಿದ್ದಾಗ ಒಳಗೆ ಅಕ್ಕಿ ಮೂಟೆಗಳ ಕೋಣೆಯಲ್ಲಿ ಜೀನತ್ ಪ್ರತಿಭಾಳಿಗೆ ಸೂಜಿ ಹಾಕಿದಳು.

ಮರುದಿನ ಜೀನತ್ ಹೇಳಿದ ಮೇಲೆ ಸುಹಾಸನಿಗೆ ತಾನು ಫೋಟೊ ಹೊಡೆದದ್ದು ದೂರು ಕೊಟ್ಟವನನ್ನೇ ಎಂದು ತಿಳಿಯಿತು. ಫೋಟೊ ಅಳಿಸಿದ, ಫೋಟೊದ ನಿಯಮದ ಬಗ್ಗೆ ಆಮೇಲೆ ಬಾಯಿ ಬಿಡಲಿಲ್ಲ. ಕಳಂಕದ ವಿರುದ್ಧದ ಹೋರಾಟ ಅಲ್ಲಿಗೆ ಮುಗಿಯಿತು.

ಮುಂದಿನ ತಿಂಗಳು ಎರಡನೇ ಬುಧವಾರ ಜೀನತ್‌ಳ ಸ್ಕೂಟರ್ ಮೂವತ್ತೊಂದರಲ್ಲಿ ಒಂದೂ ಮನೆಯ ಮುಂದೆ ನಿಲ್ಲದೆ ಶಾಲೆಗೆ ಹೋಯಿತು. ಒಳಗೆ ಅಕ್ಕಿ ಮೂರೇ ಸಲ ತೊಳೆದದ್ದು ಕೇಳಿಸಿತು. ಮೂಟೆಗಳ ಕೋಣೆಯ ಬಾಗಿಲು ಹಾಕಿ, ಔಷಧಿ ಎಳೆದುಕೊಂಡು, ಸೂಜಿ ಊರಿ ನಿಧಾನಕ್ಕೆ ಒತ್ತತೊಡಗಿದಳು. ಬಾಗಿಲ ಹೊರಗೆ ವಿಶ್ವೇಶ್ವರ ಕಾವಲು ನಿಂತಿದ್ದ. ಯಾರೋ ಒಳಗೆ ಬರಲು ನೋಡಿದರು ಅಂತ ಕಾಣುತ್ತದೆ.

"ಹೋಗಡಿ, ಹೋಗಡಿ!" ಎಂದು ಗದರಿದ. "ಒಳಗೆ ತಪಾಸಣೆ ನಡೀತಾ ಇದ್ದು. ಎನ್ನ ಆದೇಶ ಅದು. ಮಕ್ಕಳಿಗೆ ಅನ್ನ ಹಾಕವ್ರು ಎಂಥವ್ರು ಹೇಳಿ ಎಂಗೆ ಗೊತ್ತಿರವು ಅಲ್ದ?"

ಪ್ರತಿಭಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮೈಯೆಲ್ಲ ಅಲುಗತೊಡಗಿತು.

"ನಗಬ್ಯಾಡ," ಎಂದಳು ಜೀನತ್ ಪಿಸುದನಿಯಲ್ಲಿ, ಹಲ್ಲು ಕಚ್ಚಿ. "ಸೂಜಿ ಇನ್ನೂ ಒಳಗೈತಿ."